ಆರೈಕೆಯೆಂಬ ಕಾಯಕ: ನಿಡೋಣಿಯ ತಾಯಿಯೊಬ್ಬರ ಸ್ಮರಣೆ



ಶ್ರೀಮಠದಲ್ಲಿ ಗ್ರಂಥಗಳ ಕರಡು ತಿದ್ದುವುದು, ಆಮಂತ್ರಣ ಪತ್ರಿಕೆ ಸಿದ್ಧಪಡಿಸುವುದು ಮೊದಲಾದ ಸೇವೆಯನ್ನು ಮಾಡಿಕೊಂಡಿರುವ ನನ್ನ ಪಾಲಿಗೆ ವರ್ಷವಿಡೀ ಬರುವ ಇನ್ನೊಂದು ಕೆಲಸವಿದೆ. ಲಿಂಗೈಕ್ಯರಾದವರ ಶಿವಗಣಾರಾಧನೆಯ ಪತ್ರಿಕೆಗೆ ನಾಲ್ಕು ಸಾಲು ಸ್ಮರಣೆಯನ್ನು ಬರೆದುಕೊಡುವುದು. ಭಾವಚಿತ್ರದ ಕೆಳಗೆ ಅಚ್ಚಾಗುವ ಈ ಸಾಲುಗಳನ್ನು ಕನ್ನಡ ಎಂ.ಎ. ಮಾಡಿದವನು ಕಣ್ಣು ಮುಚ್ಚಿ ಬರೆಯಬಲ್ಲನೆಂದು ಭಕ್ತರು ನಂಬಿರುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಕಣ್ಣು ಮುಚ್ಚಿಯೇ ಬರೆಯುತ್ತಿದ್ದೆ ಎಂಬುದು ತಿಳಿದದ್ದು ಬಬಲೇಶ್ವರ ಸೀಮೆಯ ನಿಡೋಣಿಯಿಂದ ಒಬ್ಬ ಮಗಳು ಬಂದ ದಿನ.

ಆಕೆಯ ತಾಯಿ ಸರಕಾರಿ ಆರೋಗ್ಯ ಉಪಕೇಂದ್ರವೊಂದರಲ್ಲಿ ದಾದಿಯಾಗಿ ಸೇವೆ ಸಲ್ಲಿಸಿ ನಿವೃತ್ತರಾದವರು. ಊರವರ ಬಾಯಲ್ಲಿ ಅವರು ‘ನರ್ಸಬಾಯಿ’. ಹೆಸರನ್ನು ಇಲ್ಲಿ ಬರೆಯಬಾರದೆಂಬುದು ಮನೆಯವರ ಇಚ್ಛೆಯಾದ್ದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ತಾಯಿ, ದಾದಿ, ಅತ್ತೆಯ ಸೇವೆ ಮಾಡಿದ ಸೊಸೆ ಎಂಬಷ್ಟು ವಿವರ ಕೇಳಿಕೊಂಡು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ತ್ಯಾಗಮಯಿ, ಕರುಣಾಮಯಿ, ಸಹನಾಮೂರ್ತಿ, ತಾನು ಕರಗಿ ಪರರಿಗೆ ಬೆಳಕಿತ್ತ ಮೇಣದ ಬತ್ತಿ. ಮಗಳು ಎರಡು ಸಲ ಓದಿದರು. ಹಾಳೆಯನ್ನು ಮಡಚದೆ ಮೇಜಿನ ಮೇಲೆ ಹಿಂದಕ್ಕೆ ಸರಿಸಿದರು.

“ಸರ, ತಪ್ಪ ತಿಳೀಬ್ಯಾಡ್ರಿ. ಇದನ್ನ ಯಾರ ತಾಯಿಗೆ ಹಚ್ಚಿದ್ರೂ ನಡೀತೈತಿ. ಇದರಾಗ ನಮ್ಮವ್ವ ಎಲ್ಲಿ ಅದಾಳ್ರೀ?”

ಉತ್ತರ ಹೊಳೆಯಲಿಲ್ಲ. “ನೀವ ಹೇಳ್ರೀ ಅಕ್ಕಾರ, ನಾ ಬರಕೋತೀನಿ” ಎಂದೆ. ಆಕೆ ಹೇಳಿದ್ದನ್ನು ಬರೆದುಕೊಳ್ಳುತ್ತ ಮಧ್ಯಾಹ್ನದ ದಾಸೋಹದ ಗಂಟೆ ಕೇಳಿಸಲಿಲ್ಲ.

ನಸುಕಿನಲ್ಲಿ ಎದ್ದು ರೊಟ್ಟಿ ತಟ್ಟಿ, ಮಕ್ಕಳ ಬುತ್ತಿ ಕಟ್ಟಿ, ಲಸಿಕೆಯ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಡಬ್ಬಿಗಳನ್ನಿಟ್ಟುಕೊಂಡು ನರ್ಸಬಾಯಿ ಹೊರಡುತ್ತಿದ್ದರು. ಬಯಲುಸೀಮೆಯಲ್ಲಿ ಒಂದು ಉಪಕೇಂದ್ರಕ್ಕೆ ಸುಮಾರು 5000 ಜನಸಂಖ್ಯೆ ಎಂಬುದು ಸರಕಾರದ ಲೆಕ್ಕ. ಆಶಾ ಕಾರ್ಯಕರ್ತೆಯರು ಬಂದದ್ದು 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ. ಅದಕ್ಕೆ ಮೊದಲು ಊರಿನ ಬಸುರಿಯರ ಪಟ್ಟಿ, ಕೂಸುಗಳ ತೂಕ, ಕಬ್ಬಿಣಾಂಶದ ಗುಳಿಗೆ, ತೋಟದ ವಸತಿಗಳ ಭೇಟಿ, ಎಲ್ಲವೂ ಇಂಥ ದಾದಿಯರ ಹೆಗಲ ಮೇಲೆಯೇ ಇತ್ತು. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೊ ಕಾರ್ಯಕ್ರಮ ಶುರುವಾದ ಮೇಲೆ ಮನೆ ಮನೆ ತಿರುಗಿ ಬಾಗಿಲ ಪಕ್ಕ ಸುಣ್ಣದ ಕಡ್ಡಿಯಿಂದ ಗುರುತು ಹಾಕಿದವರೂ ಇವರೇ. ಭಾರತದ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಿಂದ. 2014ರ ಮಾರ್ಚ್ 27ರಂದು ನಮ್ಮ ವಲಯ ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಆ ಪ್ರಮಾಣಪತ್ರದ ಹಿಂದೆ ಎಷ್ಟು ಸವೆದ ಚಪ್ಪಲಿಗಳಿವೆಯೋ ಶಿವನೇ ಬಲ್ಲ.

ಸಂಜೆ ಮನೆಗೆ ಬಂದರೆ ಎರಡನೆಯ ಪಾಳಿ. ಅತ್ತೆಯವರಿಗೆ ಲಕ್ವಾ ಹೊಡೆದು ದೇಹದ ಎಡಭಾಗ ಸ್ವಾಧೀನ ತಪ್ಪಿತ್ತು. ಹಾಸಿಗೆಹುಣ್ಣು ಆಗದಂತೆ ಎರಡೆರಡು ತಾಸಿಗೆ ಮಗ್ಗುಲು ಬದಲಿಸಬೇಕು. ಮೈಯ ಸಂದುಗಳಲ್ಲಿ ತೇವ ಉಳಿಯದಂತೆ ಒರೆಸಬೇಕು. ಅಂಬಲಿಯನ್ನು ಮಲಗಿಸಿ ಕುಡಿಸಿದರೆ ಉಸಿರಿನ ಕೊಳವೆಗೆ ಹೋಗುವ ಭಯ, ಆದ್ದರಿಂದ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಚಮಚೆ ಚಮಚೆಯಾಗಿ ಗುಟುಕರಿಸಬೇಕು. ಹಗಲು ನೆರೆಮನೆಯ ಹೆಣ್ಣುಮಗಳೊಬ್ಬಳು ನೋಡಿಕೊಳ್ಳುತ್ತಿದ್ದಳು, ರಾತ್ರಿ ಮಾತ್ರ ನರ್ಸಬಾಯಿಯವರದೇ. ಗಡಿಯಾರದ ಗಂಟೆಗೆ ಏಳುವ ಅಭ್ಯಾಸ ಅತ್ತೆ ಲಿಂಗೈಕ್ಯರಾದ ಮೇಲೂ ಬಹುಕಾಲ ಬಿಡಲಿಲ್ಲವಂತೆ. ಎದ್ದು ಕುಳಿತು, ಮಗ್ಗುಲು ತಿರುಗಿಸಲು ಯಾರೂ ಇಲ್ಲವೆಂಬುದು ನೆನಪಾಗಿ ಮತ್ತೆ ಮಲಗುತ್ತಿದ್ದರಂತೆ.

ಇನ್ನೊಂದು ಸಂಗತಿಯನ್ನು ಮಗಳು ಹೇಳಿದಾಗ ನನ್ನ ಲೇಖನಿ ನಿಂತಿತು. ಅತ್ತೆಯವರು ನಿಷ್ಠೆಯ ಲಿಂಗಪೂಜಕರು. ಇಷ್ಟಲಿಂಗವನ್ನು ಹಿಡಿಯಬೇಕಾದದ್ದು ಎಡಗೈಯಲ್ಲಿ. ಆ ಎಡಗೈಯೇ ಬಿದ್ದುಹೋಗಿತ್ತು. ಮೊದಲ ಕೆಲವು ದಿನ ಆ ವೃದ್ಧೆ ಪೂಜೆಯ ಹೊತ್ತಿಗೆ ಗೋಡೆಯ ಕಡೆಗೆ ಮುಖ ಮಾಡಿ ಅಳುತ್ತಿದ್ದರು. ಆಮೇಲೆ ಪ್ರತಿದಿನ ಬೆಳಿಗ್ಗೆ ಸೊಸೆ ಮಗ್ಗುಲಲ್ಲಿ ಕುಳಿತು ಅತ್ತೆಯ ಅಂಗೈಯ ಕೆಳಗೆ ತನ್ನ ಅಂಗೈಯನ್ನಿಟ್ಟು ಎತ್ತಿ ಹಿಡಿಯತೊಡಗಿದರು. ಆ ಎರಡು ಅಂಗೈಗಳ ಮೇಲೆ ಲಿಂಗ. ಅತ್ತೆ ಬಲಗೈಯಿಂದ ವಿಭೂತಿ ಹಚ್ಚಿ, ಪತ್ರಿ ಏರಿಸಿ, ದೃಷ್ಟಿಯಿಟ್ಟು ಮುಗಿಸುವವರೆಗೆ ಸೊಸೆಯ ಕೈ ಅಲುಗುತ್ತಿರಲಿಲ್ಲ. ಸೊಸೆಯ ಸ್ವಂತ ಪೂಜೆ ಅನೇಕ ದಿನ ಅವಸರದಲ್ಲಿ ಮುಗಿಯುತ್ತಿತ್ತು, ಕೆಲವು ದಿನ ತಪ್ಪಿಯೂ ಹೋಗುತ್ತಿತ್ತು. ಅದಕ್ಕಾಗಿ ಆಕೆ ಸಾಯುವವರೆಗೆ ಅಳುಕುತ್ತಿದ್ದರೆಂದು ಮಗಳು ಹೇಳಿದರು.

ಈ ಅಳುಕಿನ ವಿಷಯದಲ್ಲಿ ನನಗೆ ಹೇಳುವುದಿದೆ. ಕಾಯಕದಲ್ಲಿ ತೊಡಗಿರುವವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಆ ಹೊತ್ತಿಗೆ ಬದಿಗಿಡಬಹುದೆಂಬ ದಿಟ್ಟ ನಿಲುವನ್ನು ಆಯ್ದಕ್ಕಿ ಮಾರಯ್ಯನವರು ತಮ್ಮ ಪ್ರಸಿದ್ಧ ವಚನದಲ್ಲಿ ತಳೆದಿದ್ದಾರೆ. ಈ ವಚನವನ್ನು ನಾವು ವೇದಿಕೆಗಳಲ್ಲಿ ಎಷ್ಟು ಸಲ ಹೇಳಿಲ್ಲ! ಹೇಳುವಾಗ ನಮ್ಮ ಕಣ್ಣ ಮುಂದೆ ನಿಲ್ಲುವವರು ಒಕ್ಕಲಿಗ, ನೇಕಾರ, ಕಮ್ಮಾರ, ಹೆಚ್ಚೆಂದರೆ ಕಚೇರಿಯ ನೌಕರ. ಮುದುಕಿಯೊಬ್ಬಳ ಮಲಮೂತ್ರ ತೆಗೆದು ಕೈ ತೊಳೆದುಕೊಳ್ಳುತ್ತಿರುವ ಸೊಸೆ ನಿಲ್ಲುವುದಿಲ್ಲ. ಆಕೆಯದು ‘ಸೇವೆ’, ‘ತ್ಯಾಗ’, ‘ಸೊಸೆಯ ಧರ್ಮ’. ಕಾಯಕವೆಂಬ ಮಾತನ್ನು ಆಕೆಗೆ ಕೊಡಲು ನಾವು ಮರೆತಿದ್ದೇವೆ. ಅದನ್ನು ಕೊಟ್ಟಿದ್ದರೆ ನರ್ಸಬಾಯಿ ತಪ್ಪಿದ ಪೂಜೆಗಾಗಿ ಅಳುಕುವ ಕಾರಣವಿರಲಿಲ್ಲ.

ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಬೇಕು. ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮಮ್ಮ. ಹೆಸರಿನ ಮೊದಲಿಗೇ ಕೆಲಸವಿದೆ. ಅಕ್ಕಿ ಆಯುವುದು, ನೂಲುವುದು, ಭತ್ತ ಕುಟ್ಟುವುದು ಆ ಕಾಲಕ್ಕೆ ಯಾವ ಮನೆಯ ಹೆಣ್ಣೂ ಮಾಡುತ್ತಿದ್ದ ಕೆಲಸಗಳೇ, ಯಾರೂ ಎಣಿಕೆಗೆ ತೆಗೆದುಕೊಳ್ಳದ ಕೆಲಸಗಳೇ. ಶರಣ ಸಮುದಾಯ ಅವನ್ನು ಹೆಸರಿನ ಮುಂದೆ ತಂದು ನಿಲ್ಲಿಸಿತು. ಕೊಟ್ಟಣದ ಸೋಮಮ್ಮನವರನ್ನು ಅವರು ಯಾರ ಮಗಳು, ಯಾರ ಹೆಂಡತಿ ಎಂಬುದರಿಂದ ನಾವು ಗುರುತಿಸುವುದಿಲ್ಲ. ನಮ್ಮ ಜಿಲ್ಲೆಯವರೇ ಆದ ಅಕ್ಕನಾಗಮ್ಮನವರ ವಿಷಯದಲ್ಲಿ ಮಾತ್ರ ನಾವು ಇಷ್ಟು ಉದಾರರಾಗಿಲ್ಲ. ಬಸವಣ್ಣನವರ ಅಕ್ಕ, ಚೆನ್ನಬಸವಣ್ಣನವರ ತಾಯಿ ಎಂದು ಹೇಳಿ ಮುಂದೆ ಹೋಗುತ್ತೇವೆ. ಕಲ್ಯಾಣದ ವಿಪ್ಲವದ ನಂತರ ಶರಣರ ದಂಡು ಉಳವಿಯ ಕಡೆಗೆ ಹೊರಟಾಗ ಅದರ ಜೊತೆಗೆ ನಡೆದವರು ಅವರೆಂದೂ, ತರೀಕೆರೆಯ ಬಳಿಯ ಎಣ್ಣೆಹೊಳೆಯಲ್ಲಿ ಐಕ್ಯರಾದರೆಂದೂ ಪರಂಪರೆ ಹೇಳುತ್ತದೆ. ವಚನದ ಕಟ್ಟುಗಳನ್ನು ಕಾಪಾಡಿದ ಕಥೆಯನ್ನು ನಾವು ಹೇಳುತ್ತೇವೆ, ಅದು ಸರಿಯೇ. ಅಷ್ಟು ದೂರದ ಕಾಡುದಾರಿಯಲ್ಲಿ ಗಾಯಗೊಂಡವರು, ಬಸುರಿಯರು, ಜ್ವರ ಬಂದ ಮಕ್ಕಳು ಇದ್ದಿರಲೇಬೇಕಲ್ಲ, ಅವರ ಹಣೆಯ ಮೇಲೆ ಕೈಯಿಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ.

ದಾದಿಯ ಕೈಗೆ ರಕ್ತ ತಾಗುತ್ತದೆ, ಹೆರಿಗೆಯ ನೀರು ತಾಗುತ್ತದೆ, ಹೆಣವೂ ತಾಗುತ್ತದೆ. ಲೋಕ ಇವನ್ನೆಲ್ಲ ಮೈಲಿಗೆಯೆಂದು ಬರೆದಿಟ್ಟಿತ್ತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಅಲ್ಲಗಳೆದ ಶರಣರು ಈ ಕೈಗೆ ಮಾಡಿದ ಉಪಕಾರ ಎಷ್ಟು ದೊಡ್ಡದೆಂಬುದು ವೈದ್ಯಕೀಯದ ಕಣ್ಣಿನಿಂದ ನೋಡಿದಾಗ ತಿಳಿಯುತ್ತದೆ. ಸೂತಕವೆಂದು ದೂರ ನಿಂತವನು ಬಾಣಂತಿಯನ್ನು ಉಳಿಸಲಾರ. (ಇಷ್ಟು ಹೇಳಿಯೂ ನಮ್ಮ ಮನೆಗಳಲ್ಲೇ ಬಾಣಂತಿಯ ತಟ್ಟೆ, ಚಂಬು ಬೇರೆ ಇಡುವವರಿದ್ದಾರೆ. ಕೊರಳಲ್ಲಿ ಲಿಂಗ, ಮನೆಯಲ್ಲಿ ಸೂತಕ. ಇದನ್ನು ಬೇರೊಂದು ದಿನ ಬರೆಯುತ್ತೇನೆ.)

ಇಂಥ ಕೈಯನ್ನು ನಾಡು ಒಮ್ಮೆ ಗುರುತಿಸಿದ್ದುಂಟು. ನಮ್ಮ ಸೀಮೆಯಿಂದ ಬಹುದೂರ, ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರದು ಆ ಕೈ. 1920ರಲ್ಲಿ ಜನಿಸಿದ ಅವರಿಗೆ ಶಾಲೆಯ ಮೆಟ್ಟಿಲು ಹತ್ತುವ ಭಾಗ್ಯವಿರಲಿಲ್ಲ. ಹನ್ನೆರಡನೆಯ ವಯಸ್ಸಿಗೆ ಮದುವೆ. ಹನ್ನೆರಡು ಮಕ್ಕಳನ್ನು ಹೆತ್ತು ಅವರಲ್ಲಿ ನಾಲ್ವರನ್ನು ಕಳೆದುಕೊಂಡ ತಾಯಿ. ಅಜ್ಜಿಯಿಂದ ಹೆರಿಗೆ ಮಾಡಿಸುವ ವಿದ್ಯೆ ಕಲಿತು, ಇಪ್ಪತ್ತರ ಹರೆಯದಲ್ಲಿ ತಮ್ಮ ಬಂಧುವೊಬ್ಬರ ಹೆರಿಗೆಯಿಂದ ಆರಂಭಿಸಿ, ಆಸ್ಪತ್ರೆಗಳಿಲ್ಲದ ಹಳ್ಳಿಗಳಲ್ಲಿ ಸುಮಾರು ಎಪ್ಪತ್ತು ವರ್ಷ ಕಾಲ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ಆ ಬದುಕಿನಲ್ಲಿ ನನ್ನನ್ನು ಬಹಳವಾಗಿ ತಟ್ಟಿದ್ದು ಪ್ರಶಸ್ತಿಗಳಿಗಿಂತ ಹೆಸರು. ‘ಸೂಲಗಿತ್ತಿ’ ಎಂಬುದನ್ನು ಅವರ ಹೆಸರಿನಿಂದ ಯಾರೂ ಬೇರ್ಪಡಿಸಲಿಲ್ಲ. ಹಿಂದೆ ಕೆಲವರ ಬಾಯಲ್ಲಿ ತಾತ್ಸಾರದಿಂದ ಬರುತ್ತಿದ್ದ ಮಾತು ರಾಷ್ಟ್ರಪತಿಭವನದವರೆಗೆ ಹೋಯಿತು. ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ ಎಂಬ ಸಾಲಿಗೆ ಸೂಲಗಿತ್ತಿ ನರಸಮ್ಮ ಎಂಬುದು ಎಷ್ಟು ಸಹಜವಾಗಿ ಸೇರುತ್ತದೆ ನೋಡಿ. ನಿಡೋಣಿಯ ಜನ ಅರಿಯದೆಯೇ ತಮ್ಮೂರ ತಾಯಿಗೆ ಅದೇ ಗೌರವ ಕೊಟ್ಟಿದ್ದರು. ‘ನರ್ಸಬಾಯಿ’ ಎಂಬ ಹೆಸರನ್ನು ಅಳಿಸಿ ‘ತ್ಯಾಗಮಯಿ’ ಎಂದು ಬರೆದವನು ನಾನು.

ನರಸಮ್ಮನವರ ಎಣಿಕೆಯಾದರೂ ಸಾಧ್ಯವಾಯಿತು, ಹೆರಿಗೆಗೆ ಒಂದು ಆರಂಭ, ಒಂದು ಅಂತ್ಯ ಇರುತ್ತದೆ. ಮನೆಯೊಳಗಿನ ಆರೈಕೆಗೆ ಎಣಿಕೆಯಿಲ್ಲ. ಅದು ಎಂಥದೆಂಬುದನ್ನು ಬಲ್ಲ ಒಂದು ಕಥೆ ನಮ್ಮ ಪುರಾಣದಲ್ಲಿದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲೂ, ಅದನ್ನು ಅನುಸರಿಸಿ ಭೀಮಕವಿ 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣದಲ್ಲೂ ಬರುವ ಬೆಜ್ಜಮಹಾದೇವಿಯ ಕಥೆ ಅದು. ಶಿವನಿಗೆ ಎಲ್ಲರೂ ಇದ್ದಾರೆ, ತಾಯಿಯೊಬ್ಬಳಿಲ್ಲ ಎಂಬುದು ಆಕೆಯ ಕೊರಗು. ಹೆತ್ತವಳೊಬ್ಬಳಿದ್ದರೆ ಮಗ ವಿಷ ಕುಡಿಯಲು ಬಿಡುತ್ತಿದ್ದಳೇ, ಬೂದಿ ಬಳಿದುಕೊಂಡು ಅಲೆಯಲು ಬಿಡುತ್ತಿದ್ದಳೇ ಎಂದು ಮರುಗಿ ತಾನೇ ತಾಯಿಯಾಗುತ್ತಾಳೆ. ಲಿಂಗವನ್ನು ಕೂಸೆಂದು ಬಗೆದು ಎಣ್ಣೆ ಹಚ್ಚಿ ಎರೆಯುತ್ತಾಳೆ, ಕಾಡಿಗೆ ಇಡುತ್ತಾಳೆ, ಹಾಲೂಡಿಸುತ್ತಾಳೆ. ಆಕೆಯನ್ನು ಪರೀಕ್ಷಿಸಲೆಂದು ಶಿವ ಕೂಸುಗಳಿಗೆ ಬರುವ ಬಾಯಿಬೇನೆಯನ್ನು ನಟಿಸಿ ಹಾಲು ಕುಡಿಯದೆ ಹಟ ಹಿಡಿಯುತ್ತಾನೆ. ಆಗ ಆ ತಾಯಿ ಮಂತ್ರ ಜಪಿಸುತ್ತ ಕೂರುವುದಿಲ್ಲ. ಬಲ್ಲ ಮನೆಮದ್ದುಗಳನ್ನೆಲ್ಲ ಮಾಡುತ್ತಾಳೆ. ಯಾವುದೂ ನಾಟದೆ ಹೋದಾಗ ಪ್ರಾಣ ಬಿಡಲು ಸಿದ್ಧಳಾಗುತ್ತಾಳೆ. ಶಿವ ಪ್ರತ್ಯಕ್ಷನಾಗಿ ತಡೆಯಬೇಕಾಗುತ್ತದೆ.

ಈ ಕಥೆಯನ್ನು ವಾತ್ಸಲ್ಯಭಕ್ತಿಯ ಉದಾಹರಣೆಯೆಂದು ಪ್ರವಚನಗಳಲ್ಲಿ ಹೇಳುತ್ತೇವೆ. ಕೊನೆಯ ಭಾಗವನ್ನು ಓದುವಾಗ ನನಗೆ ಈಗ ಬೇರೆ ಅರ್ಥ ತೋರುತ್ತದೆ. ರೋಗಿ ದೇವರೇ ಆಗಿದ್ದರೂ ಒಬ್ಬಂಟಿಯಾಗಿ ಆರೈಕೆ ಮಾಡುವವಳು ಒಂದು ಹಂತದಲ್ಲಿ ಕುಸಿದುಹೋಗುತ್ತಾಳೆ. ಬೆಜ್ಜಮಹಾದೇವಿಯನ್ನು ಆಗ ಹಿಡಿದುಕೊಳ್ಳಲು ಶಿವನೇ ಬಂದ. ನಮ್ಮ ಓಣಿಯ ಹೆಣ್ಣುಮಗಳನ್ನು ಹಿಡಿದುಕೊಳ್ಳಲು ಯಾರು ಬರುತ್ತಾರೆ? ನರ್ಸಬಾಯಿ ತಮ್ಮ ರಕ್ತದೊತ್ತಡದ ಗುಳಿಗೆಯನ್ನು ಮರೆಯುತ್ತಿದ್ದರು. ಊರಿನ ಎಲ್ಲ ಬಸುರಿಯರ ಒತ್ತಡವನ್ನು ಅಳೆದು ರಿಜಿಸ್ಟರಿನಲ್ಲಿ ಬರೆದ ಕೈ ತನ್ನ ತೋಳಿಗೆ ಆ ಪಟ್ಟಿಯನ್ನು ಕಟ್ಟಿಕೊಂಡದ್ದು ಅಪರೂಪವೆಂದು ಮಗಳು ಹೇಳಿದರು. ನಿವೃತ್ತಿಯ ಮರುವರ್ಷವೇ ಪತಿಗೆ ಮೂತ್ರಪಿಂಡದ ಕಾಯಿಲೆ. ಡಯಾಲಿಸಿಸ್‌ಗಾಗಿ ವಾರಕ್ಕೆರಡು ಸಲ ವಿಜಯಪುರಕ್ಕೆ ಬಸ್ಸಿನಲ್ಲಿ ಓಡಾಟ. ಇಬ್ಬರು ಗಂಡುಮಕ್ಕಳು ದುಡಿಯಲು ಹೊರರಾಜ್ಯದಲ್ಲಿದ್ದರು. ಅವರು ತಪ್ಪದೆ ಹಣ ಕಳಿಸಿದರು ಎಂಬುದನ್ನೂ ಮಗಳು ಬರೆಯಿಸಿದರು, ಯಾರ ಮೇಲೂ ಅನ್ಯಾಯವಾಗಬಾರದೆಂದು. ಹಣ ಬಂತು. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುವವರು ಬರಲಿಲ್ಲ.

ಇದು ಒಂದು ಮನೆಯ ಮಾತಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, 15ರಿಂದ 59 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರೆ ಪುರುಷರಲ್ಲಿ ಆ ಪ್ರಮಾಣ ಶೇ. 21.4. ಹಾಗೆ ತೊಡಗಿದವರಲ್ಲೂ ಮಹಿಳೆ ದಿನಕ್ಕೆ 140 ನಿಮಿಷ, ಪುರುಷ 74 ನಿಮಿಷ. ಅಡುಗೆ, ಮುಸುರೆ, ಬಟ್ಟೆಗಳ ಹೊತ್ತು ಇದರಲ್ಲಿ ಸೇರಿಲ್ಲ. ಆಧುನಿಕ ದಾದಿವೃತ್ತಿಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರೂ ಶುಶ್ರೂಷೆಯನ್ನು ಕುರಿತ ತಮ್ಮ ಹೆಸರಾಂತ ಪುಸ್ತಕವನ್ನು ಆಸ್ಪತ್ರೆಯ ದಾದಿಯರಿಗೆಂದು ಬರೆಯಲಿಲ್ಲ. ಮನೆಯಲ್ಲಿ ಮಗುವನ್ನೋ ರೋಗಿಯನ್ನೋ ನೋಡಿಕೊಳ್ಳಬೇಕಾಗಿ ಬಂದ ಸಾಮಾನ್ಯ ಮಹಿಳೆಯರಿಗೆಂದು ಬರೆದರು. ಗಾಳಿ, ಬೆಳಕು, ಶುಚಿ, ಸದ್ದಿಲ್ಲದಿರುವಿಕೆ, ಆಹಾರದ ಹೊತ್ತು, ಇವೆಲ್ಲ ಗಮನಿಸಿ ಕಲಿಯಬೇಕಾದ ವಿದ್ಯೆಯೆಂಬುದು ಅವರ ವಾದ. ಹೆಣ್ಣಿಗೆ ಹುಟ್ಟಿನಿಂದಲೇ ಬರುವ ಗುಣವೆಂದು ಬಿಟ್ಟುಬಿಟ್ಟರೆ ಅದನ್ನು ಕಲಿಸುವವರೂ ಇಲ್ಲ, ಕಲಿಯುವ ಗಂಡಸರೂ ಇಲ್ಲ. ಶರಣರ ನಡುವೆ ವೈದ್ಯ ಸಂಗಣ್ಣನವರೆಂಬ ವಚನಕಾರರಿದ್ದರು. ರೋಗಿಯ ನಾಡಿ ಹಿಡಿದ ಕೈ ಗಂಡಸಿನದೇ ಆಗಿತ್ತು.

ಇಲ್ಲೊಂದು ಆಕ್ಷೇಪ ಬರಬಹುದು, ಅದು ನ್ಯಾಯವಾದ ಆಕ್ಷೇಪವೂ ಹೌದು. ಆರೈಕೆಯನ್ನು ಕಾಯಕವೆಂದು ಹೊಗಳಿ ಹೆಣ್ಣುಮಕ್ಕಳ ಹೆಗಲಿಗೆ ಇನ್ನೂ ಬಿಗಿಯಾಗಿ ಕಟ್ಟಿದಂತಾಗುವುದಿಲ್ಲವೇ? ‘ನಿನ್ನದು ಕಾಯಕ, ಮಾಡು ತಾಯಿ’ ಎಂದು ಹೇಳಿ ನಾವು ಶಿವಾನುಭವಗೋಷ್ಠಿಗೆ ಹೊರಟುಬಿಡಬಹುದಲ್ಲ. ಈ ಭಯಕ್ಕೆ ಉತ್ತರ ಲಕ್ಕಮ್ಮನವರಲ್ಲಿದೆ. ಒಂದು ದಿನ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳಿಸಿದ ಶರಣೆ ಅವರು. ಕಾಯಕಕ್ಕೆ ಅಳತೆಯಿದೆ ಎಂಬುದನ್ನು ಪತಿಗೆ ಕಲಿಸಿದವರು. ತ್ಯಾಗಕ್ಕೆ ಅಳತೆಯಿಲ್ಲ, ಎಷ್ಟು ಸುರಿದರೂ ಇನ್ನಷ್ಟು ಬೇಕು ಎನ್ನುತ್ತದೆ ಅದು. ಕಾಯಕವಾದರೆ ಇಷ್ಟು ಸಾಕು, ಇನ್ನುಳಿದದ್ದು ನಿಮ್ಮದು ಎಂದು ಹೇಳುವ ಹಕ್ಕು ಮಾಡುವವಳಿಗಿರುತ್ತದೆ. ಮನೆಯ ಗಂಡಸರಿಗೂ ಅದು ಅಷ್ಟೇ ಸಲ್ಲುತ್ತದೆ, ಏಕೆಂದರೆ ಶರಣರು ಕಾಯಕದಿಂದ ಯಾರಿಗೂ ವಿನಾಯಿತಿ ಕೊಟ್ಟಿರಲಿಲ್ಲ.

ನರ್ಸಬಾಯಿ ಶ್ರೀಮಠದ ಭಕ್ತರಾಗಿದ್ದರೂ ಅತ್ತೆಯ ಕಾಯಿಲೆಯ ಅಷ್ಟೂ ವರ್ಷ ಇಲ್ಲಿಗೆ ಬರಲಾಗಲಿಲ್ಲ. ಶ್ರಾವಣದ ಪುರಾಣ, ಬಸವ ಜಯಂತಿ, ಜಾತ್ರೆ ಎಲ್ಲವೂ ಅವರಿಲ್ಲದೆ ನಡೆದವು. ‘ಬರುವುದನ್ನೇ ಬಿಟ್ಟಿದ್ದಾರೆ’ ಎಂದು ನಮ್ಮಲ್ಲೇ ಯಾರೋ ಆಡಿದ್ದುಂಟು. ಅವರ ಬದಲಿಗೆ ಮುದುಕಿಯ ಪಕ್ಕದಲ್ಲಿ ಎರಡು ತಾಸು ಕೂರಲು ಒಬ್ಬರು ಹೋಗಿದ್ದರೆ ಅವರು ಬರುತ್ತಿದ್ದರು. ಪ್ರಸಾದ ಹಂಚಲು ಮುಂದೆ ನಿಲ್ಲುವ ತರುಣರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ನಾಲ್ವರು ಗೋಷ್ಠಿಯ ದಿನ ಇಂಥ ಮನೆಗೆ ಹೋಗಿ ಕುಳಿತರೆ ಅದೂ ದಾಸೋಹವೇ ಎಂಬುದು ನನ್ನ ಅಭಿಪ್ರಾಯ. ಪೂಜ್ಯರ ಸನ್ನಿಧಿಯಲ್ಲಿ ಇದನ್ನು ಅರಿಕೆ ಮಾಡಿಕೊಂಡಿದ್ದೇನೆ. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವ, ಅಂಬಲಿ ಕುಡಿಸುವ ರೀತಿಯನ್ನು ಗಂಡಸರಿಗೆ ಒಂದು ದಿನ ಕಲಿಸಿಕೊಡಲು ನಿವೃತ್ತ ದಾದಿಯೊಬ್ಬರು ಒಪ್ಪಿದ್ದಾರೆ. ಮೊದಲು ಹೆಸರು ಬರೆಯಿಸಿದವನು ನಾನು. ನನ್ನ ಮನೆಯಲ್ಲೂ ಅಜ್ಜಿಯಿದ್ದಾಳೆ. ಅವಳ ಔಷಧದ ಹೊತ್ತು ನನ್ನ ಹೆಂಡತಿಗೆ ಗೊತ್ತು, ನನಗೆ ಮೊನ್ನೆಯವರೆಗೆ ಗೊತ್ತಿರಲಿಲ್ಲ.

ಶಿವಗಣಾರಾಧನೆಯ ಪತ್ರಿಕೆಯನ್ನು ಮತ್ತೆ ಬರೆದೆ. ಈ ಸಲ ಒಂದು ವಿಶೇಷಣವನ್ನೂ ಹಾಕಲಿಲ್ಲ. ಉಪಕೇಂದ್ರದ ದಾದಿಯಾಗಿ ಊರಿನ ಕೂಸುಗಳಿಗೆ ಲಸಿಕೆ ಹಾಕಿದರು. ಮೂವರು ಮಕ್ಕಳನ್ನು ಬೆಳೆಸಿ ಓದಿಸಿದರು. ಲಕ್ವಾ ಪೀಡಿತರಾದ ಅತ್ತೆಯವರನ್ನು ಎಂಟು ವರ್ಷ ಆರೈಕೆ ಮಾಡಿದರು, ದಿನವೂ ಅವರ ಅಂಗೈಗೆ ತಮ್ಮ ಅಂಗೈ ಆಸರೆ ಕೊಟ್ಟು ಲಿಂಗಪೂಜೆ ಮಾಡಿಸಿದರು. ಪತಿಯನ್ನು ಕೊನೆಯವರೆಗೆ ಆಸ್ಪತ್ರೆಗೆ ಕರೆದೊಯ್ದರು. ಹೆಸರಿನ ಮುಂದೆ ‘ನರ್ಸಬಾಯಿ’ ಎಂದು ಬರೆದೆ.

ಮಗಳು ಓದಿದರು. ನನ್ನ ಲೇಖನಿ ಕೇಳಿ ಪಡೆದು ಒಂದೇ ಒಂದು ಕಡೆ ತಿದ್ದಿದರು.

“ಎಂಟ ಅಲ್ರೀ ಸರ, ಒಂಬತ್ತ ವರ್ಷ.”